ಸ್ಥಳ: ಒಂದೇ ಬರೆಯಿರಿ

ಶೀರ್ಷಿಕೆ: ಬೆಳ್ಳಿಹಬ್ಬದ ಸ್ಮರಣ ಸಂಚಿಕೆ. ವರ್ಷ: 1975. ಭಾಷೆ: ಕನ್ನಡ. ವಿಷಯ: ಸಮುದಾಯ ಸಂಘಟನೆಗಳು. ಸ್ಥಳ: ಮುಂಬಯಿ. ಪುಟಗಳು: 64. ಟಿಪ್ಪಣಿ: ಜಾಹೀರಾತು ಪುಟಗಳನ್ನು ಸ್ಕ್ಯಾನ್ ಮಾಡಿಲ್ಲ.

ಇದು ನಾನೇ ಬರೆದ ನಮೂದು. ಮುಂಬಯಿಯ ಒಂದು ಡಿಜಿಟಲ್ ಸಂಗ್ರಹದ ಕ್ಯಾಟಲಾಗಿನಲ್ಲಿ ಇವತ್ತಿಗೂ ಹೀಗೆಯೇ ಕೂತಿದೆ. ಅಲ್ಲಿ ಇಂಗ್ಲಿಷಿನಲ್ಲಿದೆ, ನಿಮಗಾಗಿ ಕನ್ನಡಕ್ಕೆ ಇಳಿಸಿದ್ದೇನೆ. ಏಳು ಸಾಲಿನ ಈ ನಮೂದಿನಲ್ಲಿ ಸುಳ್ಳು ಅನ್ನುವಂಥದ್ದು ಏನೂ ಇಲ್ಲ. ಆದರೆ ಆ ಸಂಚಿಕೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಯಾರೂ ಇದನ್ನು ಒಪ್ಪಲಾರರು. ಕಥೆ ಕಾದಂಬರಿಗಳಿಗೆ ವಿಮರ್ಶೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕ್ಯಾಟಲಾಗಿಗೆ ಬರೆದವರನ್ನು ನಾನು ಕಂಡಿಲ್ಲ. ಕ್ಯಾಟಲಾಗು ಅಂದರೆ ಬಾಗಿಲ ಬಳಿ ಇರುವ ಪಟ್ಟಿ, ಅದನ್ನು ದಾಟಿ ಒಳಗೆ ಹೋದರೆ ಆಯಿತು ಅಂತ ನಮ್ಮ ಎಣಿಕೆ. ಒಳಗೆ ಏನಿದೆ ಅನ್ನುವುದನ್ನು ಆ ಪಟ್ಟಿಯೇ ತೀರ್ಮಾನ ಮಾಡಿರುತ್ತದೆ ಅಂತ ನನಗೆ ಗೊತ್ತಾದದ್ದು ಆರು ತಿಂಗಳು ಆ ಬಾಗಿಲಲ್ಲಿ ಕೂತ ಮೇಲೆ.

2014ರ ಜೂನಿನಲ್ಲಿ ಅಲ್ಲಿಗೆ ಇಂಟರ್ನ್ ಆಗಿ ಸೇರಿದೆ. ಗ್ರಂಥಾಲಯ ವಿಜ್ಞಾನ ಓದಿದವರಿಗೆ ಇದು ಒಂಥರಾ ಪೌರೋಹಿತ್ಯ ಕಲಿಯುವ ಕಾಲ. ದಕ್ಷಿಣೆ ಕಡಿಮೆ, ಮಂತ್ರ ಜಾಸ್ತಿ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಒಳ್ಳೆಯವರು, ಕೆಲಸದಲ್ಲಿ ಶ್ರದ್ಧೆ ಇದ್ದವರು, ಬೆಳಿಗ್ಗೆ ಚಹಾ ಕುಡಿಯುವ ಮೊದಲು ಕೈಗೆ ಹತ್ತಿಯ ಗ್ಲೌಸು ಹಾಕಿಕೊಳ್ಳುತ್ತಿದ್ದವರು. ಯೋಜನೆ ಏನೆಂದರೆ, ಮುಂಬಯಿಯ ಪೇಟೆ ಪೇಟೆಗಳಲ್ಲಿ ಸಂಘ, ವಾಚನಾಲಯ, ಮನೆಮನೆಗಳಲ್ಲಿ ಬಿದ್ದಿರುವ ಸ್ಥಳೀಯ ಇತಿಹಾಸದ ಕಾಗದಪತ್ರಗಳನ್ನು ತರಿಸಿ, ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿ, ಎಲ್ಲರಿಗೂ ಸಿಗುವ ಹಾಗೆ ಇಡುವುದು. ಮರಾಠಿ, ಗುಜರಾತಿ, ಉರ್ದು ಪೆಟ್ಟಿಗೆಗಳಿಗೆ ಜನ ಇದ್ದರು. ಮೂಲೆಯಲ್ಲಿ ನಾಲ್ಕು ಪೆಟ್ಟಿಗೆಗಳ ಮೇಲೆ ಮಾರ್ಕರಿನಲ್ಲಿ 'ಸೌತ್ ಇಂಡಿಯನ್' ಅಂತ ಬರೆದಿತ್ತು. ಅದನ್ನು ನನಗೆ ಕೊಟ್ಟರು.

ಪೆಟ್ಟಿಗೆ ಕೊಟ್ಟವರು ಮಾಟುಂಗಾದ ಕಡೆಯ ಒಬ್ಬ ಹಿರಿಯರು. ಮಾಟುಂಗಾ ಅಂದರೆ ನಿಮಗೆ ಗೊತ್ತಿರಬಹುದು, ಎ. ರಾಮ ನಾಯಕರು 1942ರಲ್ಲಿ ಊಟದ ಬೋರ್ಡಿಂಗ್ ತೆರೆದ ಜಾಗ. ಬಾಳೆಲೆ, ಹೂವಿನಂಗಡಿ, ತಮಿಳರ ಭಜನೆ, ನಮ್ಮವರ ಕಾಫಿ ಎಲ್ಲ ಒಟ್ಟಿಗೆ ಸಿಗುವ ಪೇಟೆ. ಈ ಹಿರಿಯರು ಹನ್ನೆರಡನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದವರು. ಮೊದಲು ಗ್ಲಾಸು ತೊಳೆದರು, ಆಮೇಲೆ ಸಪ್ಲೈ, ಆಮೇಲೆ ಗಲ್ಲಾ, ಕೊನೆಗೆ ಕೋಟೆಯಲ್ಲಿ, ಅಂದರೆ ಫೋರ್ಟಿನಲ್ಲಿ, ಒಂದು ಸಣ್ಣ ಹೋಟೆಲಿಗೆ ಪಾಲುದಾರರು. ರಾತ್ರಿ ಶಾಲೆಯಲ್ಲಿ ಏಳನೆಯ ತನಕ ಓದಿದ್ದರು. ಸಂಘದ ಯಾವ ಸಮಾರಂಭಕ್ಕೂ ಹೋಗದೆ ಇರಲಿಲ್ಲ, ಹೋದಲ್ಲಿ ಕೊಟ್ಟ ಯಾವ ಕಾಗದವನ್ನೂ ಬಿಸಾಡಲಿಲ್ಲ. ಇಷ್ಟೇ ಅವರ ಸಂಗ್ರಹದ ರಹಸ್ಯ.

ಈಗ ಆ ಸಂಚಿಕೆಗೆ ಬರೋಣ. ಅದರ ಪುಟಗಳು 112. ಲೇಖನಗಳು 64 ಪುಟ, ಜಾಹೀರಾತು 48 ಪುಟ. ನಮಗೆ ಕೊಟ್ಟಿದ್ದ ಸೂಚನೆಯ ಹಾಳೆಯಲ್ಲಿ, ಸ್ಮರಣ ಸಂಚಿಕೆಗಳಲ್ಲಿ ಲೇಖನಗಳನ್ನು ಮಾತ್ರ ಸ್ಕ್ಯಾನ್ ಮಾಡತಕ್ಕದ್ದು ಅಂತ ಇತ್ತು. ಕಾರಣ ಜಾಗ. ಎ4 ಅಳತೆಯ ಒಂದು ಪುಟವನ್ನು 300 ಡಿಪಿಐಯಲ್ಲಿ ಬಣ್ಣದಲ್ಲಿ ತೆಗೆದರೆ, ಒತ್ತದೆ ಇಟ್ಟಾಗ, 25 ಎಂಬಿ ಮೇಲಾಗುತ್ತದೆ. 48 ಪುಟ ಅಂದರೆ ಸುಮಾರು ಒಂದೂಕಾಲು ಜಿಬಿ, ಒಂದು ಸಿನಿಮಾ ಇಡುವಷ್ಟು ಜಾಗ. ನಾನು ಸೂಚನೆ ಪಾಲಿಸಿದೆ. ಪಾಲಿಸಿದ್ದೇನೆ ಅಂತ ಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಬರೆದೂ ಬಿಟ್ಟೆ.

ಲೇಖನಗಳಲ್ಲಿ ಏನಿತ್ತು ಹೇಳುತ್ತೇನೆ. ಅಧ್ಯಕ್ಷರ ನುಡಿ, ಕಾರ್ಯದರ್ಶಿಯ ವರದಿ, ಗಣ್ಯರ ಶುಭ ಸಂದೇಶಗಳು, ಒಬ್ಬರು ಪ್ರಾಧ್ಯಾಪಕರ 'ಕನ್ನಡ ಸಂಸ್ಕೃತಿ: ಒಂದು ನೋಟ', ಎರಡು ಕವನ, ಕೇಂದ್ರ ಸರ್ಕಾರದ ಅಧಿಕಾರಿಯೊಬ್ಬರ ಹಂಪಿ ಪ್ರವಾಸ. ಮುಂಬಯಿಯ ಹೆಸರು ಇವುಗಳಲ್ಲಿ ಬರುವುದು 'ಈ ಮಹಾನಗರದ ಯಾಂತ್ರಿಕ ಬದುಕಿನಲ್ಲಿ' ಅನ್ನುವ ಒಂದೇ ಧಾಟಿಯಲ್ಲಿ. ಅಂಥ ಸಂಚಿಕೆ ನೀವೂ ಓದಿರುತ್ತೀರಿ. ಹಂಪಿ ನೋಡಲು ಮುಂಬಯಿಯ ಸ್ಥಳೀಯ ಇತಿಹಾಸದ ಸಂಗ್ರಹಕ್ಕೆ ಯಾರೂ ಬರುವುದಿಲ್ಲ. ಆದರೂ ಅದು ಸ್ಕ್ಯಾನ್ ಆಯಿತು, ಚಂದವಾಗಿ, ನೇರವಾಗಿ, ಬಣ್ಣದ ಪಟ್ಟಿ ಇಟ್ಟು.

ಜಾಹೀರಾತಿನಲ್ಲಿ ಇದ್ದದ್ದು ಮುಂಬಯಿ. ಪೂರ್ಣ ಪುಟ ತೆಗೆದುಕೊಂಡವರು ಕಂಪನಿಗಳು, ಬ್ಯಾಂಕುಗಳು, ಅವು ಇಂಗ್ಲಿಷಿನಲ್ಲಿ. ಅರ್ಧ ಪುಟದವರು ದೊಡ್ಡ ಹೋಟೆಲಿನವರು, ಕನ್ನಡ ಇಂಗ್ಲಿಷ್ ಎರಡರಲ್ಲೂ. ಕಾಲು ಪುಟದವರು ಸಣ್ಣ ಹೋಟೆಲು, ಪಾನ್ ಅಂಗಡಿ, ಟೈಲರು, ಊರಿನ ಬಸ್ಸಿನ ಬುಕ್ಕಿಂಗು, ಅವರದೆಲ್ಲ ಕನ್ನಡ. ಅದಕ್ಕೂ ಕೆಳಗೆ, ಪುಟದ ಅಡಿಯಲ್ಲಿ, ಒಂದೊಂದು ಸಾಲಿನ 'ಹಿತೈಷಿಗಳು'. ಅವರಿಗೆ ಅಂಗಡಿ ಇಲ್ಲ, ಹೆಸರು ಮತ್ತು ಊರು ಮಾತ್ರ: ಶಿರ್ವ, ಕಾಪು, ಹೆಜಮಾಡಿ, ಬೈಂದೂರು. ಈ ಕ್ರಮವೇ ಒಂದು ಸಮಾಜಶಾಸ್ತ್ರ. ಯಾರ ಕೈಯಲ್ಲಿ ಎಷ್ಟಿತ್ತು, ಯಾರು ಯಾವ ಭಾಷೆಯಲ್ಲಿ ದೊಡ್ಡವರಾಗಲು ಬಯಸಿದರು ಅನ್ನುವುದನ್ನು ಅಳತೆಯ ಪಟ್ಟಿ ಹಿಡಿದು ಹೇಳಬಹುದು.

ವಿಳಾಸಗಳನ್ನು ನೋಡಿ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ಮಾಟುಂಗಾ ಅಂದರೆ ಮುಂಬಯಿ-19, ಕೋಟೆ ಅಂದರೆ ಮುಂಬಯಿ-1. ಆಮೇಲೆ ಅವೇ 400 019 ಮತ್ತು 400 001 ಆದವು. 1975ರ ಈ ಸಂಚಿಕೆಯಲ್ಲಿ ಅರ್ಧ ಜನ ಹೊಸ ಆರಂಕಿ ಹಾಕಿದ್ದಾರೆ, ಉಳಿದವರು ಹಳೆಯ ಬ್ಲಾಕನ್ನೇ ಮತ್ತೆ ಹೊಡೆಸಿದ್ದಾರೆ. ಹೊಸ ಬ್ಲಾಕಿಗೆ ಯಾರು ಖರ್ಚು ಮಾಡಬಲ್ಲವರಾಗಿದ್ದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಫೋನ್ ನಂಬರಿನ ಮುಂದೆ ಕೆಲವರು 'ಪಿ.ಪಿ.' ಅಂತ ಹಾಕಿದ್ದಾರೆ. ಈಗಿನ ಹುಡುಗರಿಗೆ ಅದು ಗೊತ್ತಿರಲಿಕ್ಕಿಲ್ಲ. ಫೋನು ಪಕ್ಕದ ಅಂಗಡಿಯದು, ಕರೆದರೆ ಅವರು ಕೂಗಿ ಹೇಳುತ್ತಾರೆ ಅಂತ ಅರ್ಥ. ಹಾಗೆ ಕೂಗಿ ಹೇಳುವ ನೆರೆಯವನೊಬ್ಬ ಇದ್ದ ಅನ್ನುವುದು 'ಯಾಂತ್ರಿಕ ಬದುಕು' ಅನ್ನುವ ಅಧ್ಯಕ್ಷರ ನುಡಿಗೆ ಆ ಪುಟವೇ ಕೊಡುವ ಉತ್ತರ.

ಇನ್ನೊಂದು ಸಂಗತಿ. ಹಿರಿಯರ ಪೆಟ್ಟಿಗೆಯಲ್ಲಿ ಅದೇ ಸಂಘದ 1965ರ ಒಂದು ಸಣ್ಣ ಸಂಚಿಕೆಯೂ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಒಂದೇ ವಿಳಾಸದ ಕೆಲವು ಹೋಟೆಲುಗಳಿಗೆ ಹತ್ತು ವರ್ಷದಲ್ಲಿ ಬೇರೆ ಹೆಸರು ಬಂದಿತ್ತು. ಮಾಲೀಕರ ಹೆಸರು ಅದೇ, ಬೋರ್ಡು ಬೇರೆ. ಶಿವಸೇನೆ ಹುಟ್ಟಿದ್ದು 1966ರ ಜೂನಿನಲ್ಲಿ. ದಕ್ಷಿಣದವರ ವಿರುದ್ಧದ ಆ ವರ್ಷಗಳ ಗದ್ದಲದಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದು ಮುಂಬಯಿಯಲ್ಲಿ ಎಲ್ಲರಿಗೂ ಗೊತ್ತಿರುವ ಇತಿಹಾಸ. 1975ರ ಸಂಚಿಕೆಯ 64 ಪುಟದ ಲೇಖನಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಬೆಳ್ಳಿಹಬ್ಬದ ದಿನ ಅಂಥದ್ದನ್ನೆಲ್ಲ ಯಾರು ಬರೆಯುತ್ತಾರೆ? ಬೋರ್ಡು ಬದಲಾದದ್ದಕ್ಕೆ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆ ಪ್ರಶ್ನೆ ಕೇಳಬೇಕು ಅಂತ ಹೊಳೆಯುವುದು ಆ 48 ಪುಟಗಳನ್ನು ಕಂಡವರಿಗೆ ಮಾತ್ರ ಅನ್ನುತ್ತಿದ್ದೇನೆ. ನಾವು ಬಿಟ್ಟದ್ದು ಅವನ್ನೇ.

ಇದರಲ್ಲಿ ಸಂಸ್ಥೆಯವರ ಕೆಟ್ಟ ಬುದ್ಧಿ ಏನೂ ಇಲ್ಲ. ಬರೆದವನು ಕರ್ತೃ, ಹಣ ಕೊಟ್ಟವನು ಕರ್ತೃ ಅಲ್ಲ ಅನ್ನುವುದು ಗ್ರಂಥಾಲಯದ ಹಳೆಯ ನಂಬಿಕೆ, ಪುಸ್ತಕಕ್ಕೆ ಅದು ಸರಿ. ಸ್ಮರಣ ಸಂಚಿಕೆ ಆ ಅರ್ಥದಲ್ಲಿ ಪುಸ್ತಕ ಅಲ್ಲ. ಅದು ಅಚ್ಚಾದದ್ದೇ ಜಾಹೀರಾತಿನ ದುಡ್ಡಿನಿಂದ. ಬರೆಯಲು ಬಾರದವರು, ಬಂದರೂ ಬರೆಯಿರಿ ಅಂತ ಯಾರೂ ಕೇಳದವರು, ಕಾಲು ಪುಟ ಕೊಂಡು ಅದರಲ್ಲಿ ತಮ್ಮ ಹೆಸರು ಹಾಕಿಸಿಕೊಂಡರು. ಆ ಸಂಚಿಕೆಯಲ್ಲಿ ಅವರು ಬರೆದದ್ದು ಅಷ್ಟೇ. ನಮ್ಮ ಕ್ಯಾಟಲಾಗು ಬರೆದವರನ್ನು ಉಳಿಸಿತು, ಬರೆಯಿಸಿದವರನ್ನು ಹೊರಗಿಟ್ಟಿತು.

ಈಗ ನಮೂದಿನ ಇನ್ನೊಂದು ಸಾಲು: ಸ್ಥಳ. ನಮ್ಮ ಕಂಪ್ಯೂಟರಿನ ಫಾರಂನಲ್ಲಿ ಸ್ಥಳ ಅನ್ನುವ ಕಾಲಂ ಪಕ್ಕ ಚಿಕ್ಕ ಅಕ್ಷರದಲ್ಲಿ 'ಒಂದೇ ಬರೆಯಿರಿ' ಅಂತ ಇತ್ತು. ಮುಂಬಯಿ ಅಂತ ಬರೆದೆ. ಸಂಚಿಕೆಯ ನಡುವೆ ಎಂಟು ಪುಟದ ಒಂದು ಪಟ್ಟಿ ಇತ್ತು. ಊರಿನ ಶಾಲೆಯೊಂದರ ಕಟ್ಟಡ ನಿಧಿಗೆ ಮುಂಬಯಿಯಲ್ಲಿ ಯಾರು ಯಾರು ಎಷ್ಟೆಷ್ಟು ಕೊಟ್ಟರು ಅನ್ನುವ ಲೆಕ್ಕ. ಐದು ರೂಪಾಯಿಯಿಂದ ಐನೂರರ ತನಕ. ಇದು ಎಲ್ಲಿಯ ಸ್ಥಳೀಯ ಇತಿಹಾಸ? ಮುಂಬಯಿಯ ಹೋಟೆಲ್ ಕಾರ್ಮಿಕನ ಸಂಬಳದ ಕಥೆ ಅಂದರೆ ಅದೂ ಹೌದು. ದಕ್ಷಿಣ ಕನ್ನಡದ ಒಂದು ಗ್ರಾಮದ ಶಾಲೆಯ ಕಥೆ ಅಂದರೆ ಅದೂ ಹೌದು. ಊರಿನಲ್ಲಿ ಕೂತು ಇದನ್ನು ಓದುತ್ತಿರುವ ಕರಾವಳಿಯ ಓದುಗರು ತಮ್ಮೂರ ದೇವಸ್ಥಾನದ ಜೀರ್ಣೋದ್ಧಾರದ ಆಮಂತ್ರಣ ಪತ್ರಿಕೆಯನ್ನೊಮ್ಮೆ ಹುಡುಕಿ ತೆಗೆಯಲಿ. ಕೊನೆಯ ಪುಟದಲ್ಲಿ 'ಮುಂಬಯಿ ಸಮಿತಿ' ಅಂತ ಒಂದು ಸಾಲು ಹೆಸರುಗಳು ಇದ್ದೇ ಇರುತ್ತವೆ. ಅವರು ಎಷ್ಟು ಮನೆಗಳ ಮೆಟ್ಟಿಲು ಹತ್ತಿ ರಶೀದಿ ಹರಿದರು ಅನ್ನುವುದಕ್ಕೆ ದಾಖಲೆ ಇರುವುದು ಇಲ್ಲಿ, ಈ ಪೆಟ್ಟಿಗೆಗಳಲ್ಲಿ. ನಿಮ್ಮೂರಿನ ಹೆಸರು ಹಾಕಿ ಹುಡುಕಿದರೆ ನಮ್ಮ ಕ್ಯಾಟಲಾಗಿನಲ್ಲಿ ಏನೂ ಬರುವುದಿಲ್ಲ. ನಾನೇ ಬರೆಯಲಿಲ್ಲವಲ್ಲ.

ತಮಾಷೆಯೆಂದರೆ, ನಾವು ಅನುಸರಿಸುತ್ತಿದ್ದೇವೆ ಅಂತ ಹೇಳಿಕೊಳ್ಳುತ್ತಿದ್ದ ಮಾನದಂಡದಲ್ಲಿ ಈ ಕಟ್ಟಳೆಯೇ ಇಲ್ಲ. ಅದರ ಹೆಸರು ಡಬ್ಲಿನ್ ಕೋರ್. ಐರ್ಲೆಂಡಿನ ಡಬ್ಲಿನ್ ಅಲ್ಲ, ಅಮೆರಿಕದ ಓಹಾಯೋದ ಡಬ್ಲಿನ್. 1995ರಲ್ಲಿ ಅಲ್ಲಿ ಸೇರಿದವರು ಹಾಕಿದ ಅಡಿಪಾಯದ ಮೇಲೆ ಹದಿನೈದು ಅಂಶಗಳ ಪಟ್ಟಿ ಎದ್ದಿತು: ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ವ್ಯಾಪ್ತಿ ಇತ್ಯಾದಿ. ಆ ಪಟ್ಟಿಯ ನಿಯಮ ಬಹಳ ಉದಾರ. ಯಾವ ಅಂಶವನ್ನೂ ಬಿಡಬಹುದು, ಯಾವುದನ್ನೂ ಎಷ್ಟು ಸಲ ಬೇಕಾದರೂ ಬರೆಯಬಹುದು. ಹತ್ತು ಊರು ಇದ್ದರೆ ಹತ್ತು ಊರು. ಫಾರಂ ಮಾಡಿಸಿದವರು ಹುಡುಕಾಟ ಸುಲಭವಾಗಲಿ ಅಂತ ಒಂದಕ್ಕೆ ಇಳಿಸಿದ್ದರು. ಇದನ್ನು ನಾನು ಮೂರನೇ ತಿಂಗಳಲ್ಲಿ ಮೇಲ್ವಿಚಾರಕರ ಹತ್ತಿರ ಹೇಳಿದೆ. ಅವರು ಒಪ್ಪಿದರು. ಈಗಾಗಲೇ ಸಾವಿರಾರು ನಮೂದುಗಳಾಗಿವೆ, ಮುಂದಿನ ಹಂತದಲ್ಲಿ ನೋಡೋಣ ಅಂದರು. ಮುಂದಿನ ಹಂತ ಅನ್ನುವುದು ಎಲ್ಲ ಕಚೇರಿಗಳಲ್ಲೂ ಇರುವ ಒಂದು ಕಪಾಟು.

ವಿಷಯ ಅನ್ನುವ ಕಾಲಂನಲ್ಲಿ ಇದಕ್ಕಿಂತ ಹಳೆಯ ಗಂಟು ಇದೆ. ಎಸ್. ಎಂ. ಎಡ್ವರ್ಡ್ಸ್ ಅವರ ಹೆಸರಿನಲ್ಲಿ 1909-10ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಬೊಂಬಾಯಿ ನಗರದ ಗೆಜೆಟಿಯರನ್ನು ಇಲ್ಲಿ ಸ್ಥಳೀಯ ಇತಿಹಾಸದ ಕೆಲಸ ಮಾಡುವವರೆಲ್ಲ ಮೊದಲು ತೆರೆಯುತ್ತಾರೆ. ಊರು ಅಂದರೆ ಒಂದು ಭೂಗೋಳ, ಒಂದು ಬಂದರು, ಒಂದು ಆಡಳಿತ; ಜನ ಅಂದರೆ ಜಾತಿ ಪಂಗಡಗಳ ಪಟ್ಟಿ. ಈ ನೋಟ ನಮ್ಮ ವಿಷಯಸೂಚಿಯೊಳಗೂ ಬಂದು ಕೂತಿತ್ತು. ಗಿರಣಿಯ ಕಾಗದವಾದರೆ 'ಕೈಗಾರಿಕೆ', ಟ್ರಾಮಿನದಾದರೆ 'ಸಾರಿಗೆ', ನಾಟಕದ್ದಾದರೆ 'ಕಲೆ'. ಕನ್ನಡದ ಕಾಗದ ಏನೇ ಆಗಿರಲಿ, 'ಸಮುದಾಯ'. ಹೋಟೆಲು ನಡೆಸುವುದು ಉದ್ದಿಮೆ ಅಲ್ಲ, ಸಮುದಾಯ. ರಾತ್ರಿ ಶಾಲೆ ಶಿಕ್ಷಣ ಅಲ್ಲ, ಸಮುದಾಯ. ಈ ನಗರದ ಅರ್ಧ ಕಚೇರಿಗಳು ಬೆಳಿಗ್ಗೆ ಹೊಟ್ಟೆ ತುಂಬಿಸಿಕೊಂಡದ್ದು ಯಾರ ಕೈಯಿಂದ ಅನ್ನುವುದು ನಗರದ ಇತಿಹಾಸಕ್ಕೆ ಸೇರುವುದಿಲ್ಲ, ಅದು ಅವರವರ ಮನೆ ವಿಚಾರ ಅಂತಾಯಿತು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಭಾಷೆ ಅನ್ನುವ ಕಾಲಂನಲ್ಲಿ ಸೂಚನೆಯ ಹಾಳೆ ನನ್ನನ್ನು ತಡೆದಿರಲಿಲ್ಲ. ನಾನು ಕುಂದಾಪುರದ ಕಡೆಯವಳು, ಮನೆಯಲ್ಲಿ ಕನ್ನಡ, ತುಳು ಬಾರದು. 1975ರ ಸಂಚಿಕೆಯ ಎರಡು ಕವನಗಳಲ್ಲಿ ಒಂದು ತುಳುವಿನದು. ಲಿಪಿ ಕನ್ನಡ ಆದ್ದರಿಂದ ಕಣ್ಣು ಜಾರಿತು, ಭಾಷೆ ಕನ್ನಡ ಅಂತ ಒತ್ತಿ ಮುಂದೆ ಹೋದೆ. ಹಿರಿಯರು ಒಂದು ದಿನ ನೋಡಲು ಬಂದಾಗ ಅದನ್ನು ಗಟ್ಟಿಯಾಗಿ ಓದಿದರು, ಆಗ ಗೊತ್ತಾಯಿತು. ತಿದ್ದಲು ಹೋದರೆ ಯಂತ್ರದ ಪಟ್ಟಿಯಲ್ಲಿ ತುಳುವೇ ಇರಲಿಲ್ಲ. ಅದರಲ್ಲಿದ್ದದ್ದು ಐಎಸ್‌ಒ 639ರ ಎರಡನೆಯ ಭಾಗದ ಭಾಷಾ ಸಂಕೇತಗಳು. ಅಲ್ಲಿ ತುಳುವಿಗೆ ಸ್ವಂತ ಸಂಕೇತ ಇಲ್ಲ, 'ಇತರ ದ್ರಾವಿಡ' ಅನ್ನುವ ಗುಂಪಿಗೆ ಹೋಗಬೇಕು. 2007ರಲ್ಲಿ ಬಂದ ಮೂರನೆಯ ಭಾಗದಲ್ಲಿ ಇದೆ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಾಯಿಭಾಷೆ ಅಂತ ಬರೆಸಿದ ಭಾಷೆಯನ್ನು ನಮ್ಮ ಯಂತ್ರ ಇತರರ ಸಾಲಿಗೆ ಕಳಿಸಿತು, ನಾನಂತೂ ಇಲ್ಲವೇ ಇಲ್ಲ ಅನ್ನಿಸಿಬಿಟ್ಟಿದ್ದೆ. ಮುಂಬಯಿಯಲ್ಲಿ ಕನ್ನಡದ್ದು ಅಂತ ನಾವು ಹೆಮ್ಮೆ ಪಡುವ ಎಷ್ಟೋ ಕಾಗದಗಳ ಹಿಂದೆ ಮಾತಾಡುತ್ತಿದ್ದದ್ದು ತುಳು, ಕೊಂಕಣಿ, ಬ್ಯಾರಿ. ನಮ್ಮನ್ನು ಮರಾಠಿಯ ಜೊತೆಗಿನವರು 'ಸೌತ್ ಇಂಡಿಯನ್' ಅಂತ ಒಂದೇ ಪೆಟ್ಟಿಗೆಗೆ ಹಾಕಿದಾಗ ಸಿಟ್ಟು ಬರುತ್ತದೆ. ಅದೇ ಕೆಲಸವನ್ನು ಆ ಪೆಟ್ಟಿಗೆಯೊಳಗೆ ಕೂತು ನಾನು ಮಾಡಿದ್ದೆ.

ಸಂತೋಷದ ದಿನವೂ ಒಂದಿತ್ತು. 1965ರ ಸಂಚಿಕೆಯ ಒಳಗೆ ಗುರುತಿಗೆ ಇಟ್ಟಿದ್ದ ಒಂದು ಗುಲಾಬಿ ಕಾಗದ ಸಿಕ್ಕಿತು. ಯಕ್ಷಗಾನದ ಹ್ಯಾಂಡ್‌ಬಿಲ್ಲು. ಪತ್ತನಾಜೆಗೆ ಊರಿನಲ್ಲಿ ಗೆಜ್ಜೆ ಬಿಚ್ಚಿದ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುವ ರೂಢಿ ಹಳೆಯದು. ಬಿಲ್ಲಿನಲ್ಲಿ ಪ್ರಸಂಗ ಇದೆ, ಟಿಕೇಟಿನ ದರ ಇದೆ, 'ಮುಂಬಯಿ-19' ಇದೆ, 'ತಾ. 12-8ನೇ ಶನಿವಾರ ರಾತ್ರಿ' ಅಂತ ಇದೆ. ಇಸವಿ ಇಲ್ಲ. ನಾಡಿದ್ದಿನ ಆಟಕ್ಕೆ ಇಸವಿ ಯಾಕೆ? ಫಾರಂನಲ್ಲಿ ಇಸವಿ ಇಲ್ಲದೆ ಮುಂದೆ ಹೋಗುವಂತಿಲ್ಲ. ಆಗಸ್ಟ್ 12 ಶನಿವಾರ ಬಿದ್ದ ವರ್ಷಗಳನ್ನು ಲೆಕ್ಕ ಹಾಕಿದೆ: 1961, 1967, 1972, 1978. ಹಳೆಯ ಅಂಚೆ ವಲಯದ ಅಂಕಿ ಇರುವುದರಿಂದ 1978 ಸಂಶಯ. 1972 ಆಗಿದ್ದರೆ ಪಿನ್ ಕೋಡಿಗೆ ಮೂರೇ ದಿನ ಮೊದಲು. ಹಿರಿಯರಿಗೆ ಫೋನ್ ಮಾಡಿ ಕೇಳಿದೆ.

"ಗುಲಾಬಿ ಕಾಗ್ದ ಅಲ್ವಾ ಮಗಾ? ಆ ಆಟ ನೋಡಿದ ವರ್ಷವೇ ಚಳಿಗಾಲದಲ್ಲಿ ಭೂಮಿ ನಡುಗಿದ್ದು. ನಾನು ಒಲೆ ಹಚ್ಚಲಿಕ್ಕೆ ಎದ್ದಿದ್ದೆ, ನಾಕೂಕಾಲೋ ನಾಕೂವರೆಯೋ. ತೊಳೆದಿಟ್ಟ ಗ್ಲಾಸುಗಳೆಲ್ಲ ಒಂದಕ್ಕೊಂದು ತಾಗಿ ಗಿಲಿಗಿಲಿ ಗಿಲಿಗಿಲಿ. ನಾನು ಬೆಕ್ಕು ಅಂತ ಮಾಡಿದೆ."

ಕೊಯ್ನಾ ಭೂಕಂಪ. 1967ರ ಡಿಸೆಂಬರ್ 11, ಬೆಳಗಿನ ಜಾವ ನಾಲ್ಕು ಇಪ್ಪತ್ತೊಂದು. ಇಸವಿ ಸಿಕ್ಕಿತು, 1967 ಅಂತ ಒತ್ತಿದೆ. ಹೇಗೆ ಸಿಕ್ಕಿತು ಅನ್ನುವುದನ್ನು ಟಿಪ್ಪಣಿಯಲ್ಲಿ ಬರೆದೆ: ಒಲೆ, ಗ್ಲಾಸು, ಬೆಕ್ಕು ಎಲ್ಲ. ಟಿಪ್ಪಣಿಗೆ ಇದ್ದದ್ದು ಇನ್ನೂರೈವತ್ತು ಅಕ್ಷರ. ಯಂತ್ರ ಗ್ಲಾಸಿನ ಹತ್ತಿರ ಕತ್ತರಿಸಿತು. ಮರುದಿನ ಅಷ್ಟನ್ನೂ ಅಳಿಸಿ 'ದಾನಿಯ ಹೇಳಿಕೆಯ ಆಧಾರ' ಅಂತ ಹಾಕಿದರು. ಅವರ ದೃಷ್ಟಿಯಿಂದ ಸರಿಯೇ. ಆ ಬಿಲ್ಲನ್ನು ಸಂಚಿಕೆಯಿಂದ ಬೇರ್ಪಡಿಸಿ 'ಬಿಡಿ ಕಾಗದಗಳು' ವಿಭಾಗಕ್ಕೆ ಕಳಿಸಿದ್ದು ಮಾತ್ರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಒಬ್ಬರ ಕಾಗದಪತ್ರಗಳನ್ನು ಅವರು ಇಟ್ಟುಕೊಂಡ ಹಾಗೆಯೇ ಒಟ್ಟಿಗೆ ಇಡಬೇಕು, ವಿಷಯ ನೋಡಿ ಹಂಚಬಾರದು ಅನ್ನುವ ನಿಯಮವನ್ನು 1841ರಲ್ಲೇ ಫ್ರಾನ್ಸಿನ ದಾಖಲೆ ಇಲಾಖೆಯವರು ಮಾಡಿಕೊಂಡಿದ್ದರು. ನಮ್ಮ ಪಠ್ಯದಲ್ಲೂ ಅದು ಮೊದಲ ಪಾಠ. ಆದರೆ ಡಿಜಿಟಲ್ ಅಂದ ಕೂಡಲೇ ಎಲ್ಲವೂ ಬಿಡಿ ಚಿತ್ರ, ಯಾವುದನ್ನು ಎಲ್ಲಿ ಬೇಕಾದರೂ ಇಡಬಹುದು ಅನ್ನುವ ಧೈರ್ಯ ಬರುತ್ತದೆ. ಹತ್ತೇ ಹೋಟೆಲಿನ ಹೆಸರಿರುವ ಪುಟದಲ್ಲಿ ಆಟದ ಬಿಲ್ಲು ಯಾಕೆ ಗುರುತಾಗಿತ್ತು ಅನ್ನುವುದು ಈಗ ಯಾರಿಗೂ ತಿಳಿಯುವ ಹಾಗಿಲ್ಲ.

ನಾನು ಸೇರಿದ ವರ್ಷದ ಮಾರ್ಚ್‌ನಲ್ಲಿ ಯಶವಂತ ಚಿತ್ತಾಲರು ತೀರಿಕೊಂಡಿದ್ದರು. ಪೆಟ್ಟಿಗೆಯಲ್ಲಿ 'ಶಿಕಾರಿ'ಯ ಒಂದು ಹಳೆಯ ಪ್ರತಿ ಇತ್ತು. ಕಾದಂಬರಿ ಸ್ಥಳೀಯ ಇತಿಹಾಸ ಅಲ್ಲ ಅಂತ ಅದನ್ನು ಹಿಂದಕ್ಕೆ ಕೊಟ್ಟೆವು. ಇದರ ಬಗ್ಗೆ ನನ್ನ ಮನಸ್ಸು ಎರಡಾಗಿದೆ. 1979ರ ಆ ಕಾದಂಬರಿಯ ಕಂಪನಿ, ಬಾಡಿಗೆ ಮನೆ, ಸಂಶಯದ ಗಾಳಿ ಎಲ್ಲ ಮುಂಬಯಿಯದೇ. ಆದರೂ ಅದನ್ನು ದಾಖಲೆ ಅಂತ ಓದುವುದು ಕಾದಂಬರಿಗೆ ಮಾಡುವ ಅನ್ಯಾಯ. ನನ್ನ ತಕರಾರು ಬೇರೆ. ಬಾಂದ್ರಾದ ಸಮುದ್ರದ ಎದುರು ಕೂತು ಅವರು ಬರೆದ ಹನೇಹಳ್ಳಿ, ಊರಿನಲ್ಲಿ ಕೂತಿದ್ದರೆ ಬರೆಯುತ್ತಿದ್ದ ಹನೇಹಳ್ಳಿ ಅಲ್ಲ. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ವಿಷಯದಲ್ಲೂ ಹೀಗೆಯೇ. ನಮ್ಮ ಸಾಹಿತ್ಯ ವಿಮರ್ಶೆ ಎರಡು ಸ್ಥಳ ಬರೆಯಲು ಎಂದೋ ಕಲಿತಿದೆ. ಕ್ಯಾಟಲಾಗು ಇನ್ನೂ ಕಲಿತಿಲ್ಲ. ಹಾಗಂತ ಸಾಹಿತ್ಯವನ್ನೂ ಪೂರ್ತಿ ಬಿಡುವಂತಿಲ್ಲ. ನಾನು ಓದಿದಷ್ಟರಲ್ಲಿ ಮುಂಬಯಿಯ ಕನ್ನಡ ಕಥೆಗಳಲ್ಲಿ ಆಫೀಸು ಇದೆ, ಚಾಳು ಇದೆ, ಲೋಕಲ್ ರೈಲು ಧಾರಾಳ ಇದೆ. ಕಾಲು ಪುಟದ ಜಾಹೀರಾತು ಕೊಟ್ಟವನ ಅಡುಗೆಕೋಣೆಯ ಒಳಗಿನ ಬೆಳಗಿನ ನಾಲ್ಕೂವರೆ ಗಂಟೆ ಕಡಿಮೆ. ಬರೆಯುವವರು ಆ ಹೊತ್ತಿಗೆ ಮಲಗಿರುತ್ತಿದ್ದರು ಅಂತ ಕಾಣುತ್ತದೆ.

ಇದನ್ನೆಲ್ಲ ಓದಿ ಊರಿನವರು, ಮುಂಬಯಿಯವರಿಗೆ ನಮ್ಮದು ಅರ್ಥವಾಗುವುದಿಲ್ಲ, ಪೆಟ್ಟಿಗೆಗಳನ್ನು ಇಲ್ಲಿಗೆ ಕಳಿಸಿ ಅಂದರೆ ಅದಕ್ಕೂ ನನ್ನ ಆಕ್ಷೇಪ ಇದೆ. ಡ್ಯೂಯಿ ವರ್ಗೀಕರಣದಲ್ಲಿ ಕರ್ನಾಟಕದ ಇತಿಹಾಸ 954.87, ಮಹಾರಾಷ್ಟ್ರದ್ದು 954.792. ಊರಿನ ಗ್ರಂಥಾಲಯಕ್ಕೆ ಈ ಸಂಚಿಕೆ ಬಂದರೆ ಅದು 'ಹೊರನಾಡು' ಅನ್ನುವ ಮೂಲೆಯ ಶೆಲ್ಫಿಗೆ ಹೋಗುತ್ತದೆ, ಶಾಲೆಯ ಕಟ್ಟಡ ನಿಧಿಯ ಪಟ್ಟಿಯೂ ಅದರ ಜೊತೆಗೇ ಹೋಗುತ್ತದೆ. ಇಲ್ಲಿ ಸಮುದಾಯ, ಅಲ್ಲಿ ಹೊರನಾಡು. ಇನ್ನು ಡಿಜಿಟಲ್ ಅಂದರೆ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಹಳೆಯ ಕನ್ನಡ ಪುಸ್ತಕಗಳು 2000ದ ದಶಕದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕೆಲಸದಲ್ಲಿ ಸ್ಕ್ಯಾನ್ ಆದವು. ಆ ಮೂಲ ತಾಣ ಆಮೇಲೆ ನಿಂತರೂ ಪ್ರತಿಗಳು ಇಂಟರ್ನೆಟ್ ಆರ್ಕೈವಿನಲ್ಲಿ ಉಳಿದಿವೆ, ಕನ್ನಡದ ಎಷ್ಟೋ ಸಂಶೋಧಕರು ಅದರ ಉಪ್ಪು ತಿಂದಿದ್ದೇವೆ. ಬೀದರ, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದಿಗೇ ಸೇರಿದ್ದವು, ಆದ್ದರಿಂದ ಅಲ್ಲಿನ ಕನ್ನಡ ಪುಸ್ತಕ ಹೊರನಾಡಿನದು ಅನ್ನುವಂತೆಯೂ ಇಲ್ಲ. ಆದರೆ ಹೆಸರುಗಳೆಲ್ಲ ರೋಮನ್ ಅಕ್ಷರದಲ್ಲಿ, ಒಂದೊಂದು ಒಂದೊಂದು ಕಾಗುಣಿತದಲ್ಲಿ. ಕನ್ನಡದಲ್ಲಿ ಟೈಪು ಮಾಡಿ ಹುಡುಕಿದರೆ ಪುಸ್ತಕ ಇದ್ದೂ ಸಿಗದು. ಹುಡುಕುವವನು ಯಾರ ಹಾಗೆ ಯೋಚಿಸುತ್ತಾನೆ ಅಂತ ಊಹಿಸದೆ ಬರೆದ ಪಟ್ಟಿ ಎಲ್ಲಿ ಇದ್ದರೂ ಒಂದೇ.

ನವೆಂಬರಿನಲ್ಲಿ ನನ್ನ ಅವಧಿ ಮುಗಿಯಿತು, ಪ್ರಮಾಣಪತ್ರ ಕೊಟ್ಟರು. ಮುಂದಿನ ವರ್ಷ ಹಿರಿಯರು ಫೋನ್ ಮಾಡಿದರು. ಮೊಮ್ಮಗಳು ಕಂಪ್ಯೂಟರಿನಲ್ಲಿ ಹುಡುಕಿದಳಂತೆ.

"ನನ್ನ ಹೋಟ್ಲು ಸಿಗುದಿಲ್ಲ ಅಂತಾಳೆ. ಉಂಟಲ್ಲ ಮಗಾ ಅದ್ರಲ್ಲಿ? ಕಾಲು ಪುಟ. ಐವತ್ತು ರೂಪಾಯಿ ಕೊಟ್ಟಿದ್ದೆ."

ಅವರ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವುದರಲ್ಲಿತ್ತು, ಅದಕ್ಕೇ ಪೆಟ್ಟಿಗೆಗಳನ್ನು ಮನೆಯಿಂದ ದಾಟಿಸಿದ್ದು. ತಮ್ಮ ಹೋಟೆಲು ಇನ್ನು ಅಲ್ಲಿ ಭದ್ರ ಅಂದುಕೊಂಡಿದ್ದರು. ಹೋಟೆಲು ಮುಚ್ಚಿ ವರ್ಷಗಳಾಗಿತ್ತು, ಆ ಜಾಗದಲ್ಲಿ ಮೊಬೈಲ್ ಅಂಗಡಿ. ನಾನು ಎರಡು ಅರ್ಜಿ ಬರೆದೆ. ಮೂಲಪ್ರತಿಗಳನ್ನು ನಗರದಾಚೆಯ ಗೋದಾಮಿನಲ್ಲಿ ಇಟ್ಟಿದ್ದರು, ತರಿಸಿಕೊಟ್ಟರು, ಅಷ್ಟರ ಮಟ್ಟಿಗೆ ಅವರ ಉಪಕಾರ. ಒಂದು ಶನಿವಾರ ಮಧ್ಯಾಹ್ನ ಕೂತು 48 ಪುಟಗಳನ್ನೂ ನನ್ನ ಫೋನಿನಲ್ಲಿ ಚಿತ್ರ ತೆಗೆದೆ. ಅವು ಕ್ಯಾಟಲಾಗಿನಲ್ಲಿ ಇಲ್ಲ, ನನ್ನ ಕಂಪ್ಯೂಟರಿನಲ್ಲಿವೆ. ಪ್ರತಿ ಚಿತ್ರಕ್ಕೂ ಎರಡೆರಡು ಊರಿನ ಹೆಸರು ಕೊಟ್ಟಿದ್ದೇನೆ.

97ನೇ ಪುಟದ ಕೆಳಗೆ ಎಡಗಡೆ ಅವರ ಜಾಹೀರಾತು. ಹೋಟೆಲಿನ ಹೆಸರು, 'ಶುಚಿ ರುಚಿಯಾದ ಇಡ್ಲಿ, ಗೋಳಿಬಜೆ, ಕಾಫಿಗೆ', ಇಬ್ಬರು ಪಾಲುದಾರರ ಹೆಸರು, ಮುಂಬಯಿ-1, ಪಿ.ಪಿ. ನಂಬರು. ಪ್ರಿಂಟ್ ತೆಗೆಸಿ ಮನೆಗೆ ಒಯ್ದು ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ತೋರಿಸಿದರು.

"ನೋಡು, ಫೋನ್ ನಂಬ್ರ ತಪ್ಪು ಹಾಕಿದ್ದಾರೆ. ಅವತ್ತೇ ಹೇಳಿದ್ದೆ ಪ್ರೆಸ್ಸಿನವನಿಗೆ."